ಕಾಂಗರೂ ಕಣಿವೆಯಲ್ಲಿ ಬಾಡಿಗೆ ರೂಮು

ಮೈಸೂರಿನ ಓದುಗರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ಬರೆದಿದ್ದಾರೆ: "ಮೂರು ತಿಂಗಳು ಸಿಡ್ನಿಯಲ್ಲಿ ಮಗನ ಮನೆಯಲ್ಲಿದ್ದು ಬಂದೆ. ಹ್ಯಾರಿಸ್ ಪಾರ್ಕ್ ಕಡೆ ಹೋದರೆ ಭಾರತದಲ್ಲೇ ಇದ್ದ ಹಾಗಿತ್ತು. ನಮ್ಮವರು ಹೋದಲ್ಲೆಲ್ಲ ಯಾಕೆ ಗುಂಪು ಕಟ್ಟಿಕೊಂಡೇ ಇರುತ್ತಾರೆ? ಆಸ್ಟ್ರೇಲಿಯಾದವರನ್ನು ನೋಡಿ, ಯಾವ ದೇಶಕ್ಕೆ ಹೋದರೂ ಹಾಲಿಗೆ ಸಕ್ಕರೆ ಬೆರೆತ ಹಾಗೆ ಬೆರೆತುಬಿಡುತ್ತಾರೆ. ನಾವು ಕಲಿಯೋದು ಯಾವಾಗ?"

ಸಾರ್, ನಿಮ್ಮ ಪತ್ರದಲ್ಲಿ ಒಂದು ಮಾತು ಸರಿ ಇದೆ. ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದೆ ಹತ್ತು ವರ್ಷ ಒಂದು ಊರಿನಲ್ಲಿ ಇರುವುದು ಚೆಂದವಲ್ಲ. ಒಪ್ಪಿದೆ. ಉಳಿದದ್ದಕ್ಕೆಲ್ಲ ಜಗಳ ಇದೆ.

ಪಶ್ಚಿಮ ಲಂಡನ್ನಿನಲ್ಲಿ ಅರ್ಲ್ಸ್ ಕೋರ್ಟ್ ಅಂತ ಒಂದು ಏರಿಯಾ. 1960ರ ದಶಕದಲ್ಲಿ ಅದರ ಅಡ್ಡಹೆಸರು 'ಕಾಂಗರೂ ವ್ಯಾಲಿ'. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ವಾರಗಟ್ಟಲೆ ಹಡಗಿನಲ್ಲಿ ಕೂತು ಬಂದ ಆಸ್ಟ್ರೇಲಿಯಾದ ಹುಡುಗ ಹುಡುಗಿಯರು ಸೂಟ್‌ಕೇಸ್ ಹಿಡಿದು ನೇರ ಅಲ್ಲಿಗೇ ಹೋಗುತ್ತಿದ್ದರು. ವಿಕ್ಟೋರಿಯಾ ರಾಣಿ ಕಾಲದ ದೊಡ್ಡ ಮನೆಗಳನ್ನು ಮಾಲೀಕರು ಒಂದೊಂದೇ ರೂಮು ಮಾಡಿ ಬಾಡಿಗೆಗೆ ಬಿಟ್ಟಿದ್ದರು. ಬಾಡಿಗೆ ಕಮ್ಮಿ, ಟ್ಯೂಬ್ ರೈಲು ಮನೆ ಬಾಗಿಲಲ್ಲೇ, ಮೊದಲೇ ಬಂದ ಗೆಳೆಯನ ರೂಮಿನ ನೆಲದ ಮೇಲೆ ಎರಡು ವಾರ ಮಲಗಲು ಜಾಗ. ಸ್ಟ್ರ್ಯಾಂಡ್ ರಸ್ತೆಯಲ್ಲಿ 1918ರಲ್ಲಿ ತೆರೆದ ಆಸ್ಟ್ರೇಲಿಯಾ ಹೌಸ್‌ಗೆ (ಅವರ ಸರ್ಕಾರದ ಲಂಡನ್ ಕಚೇರಿ) ಹೋಗಿ ಊರಿನಿಂದ ಬಂದ ಕಾಗದ ಇಸಿದುಕೊಳ್ಳುವುದು, ಊರಿನ ಪೇಪರ್ ಓದುವುದು, ಸಂಜೆ ಮತ್ತೆ ತಮ್ಮವರೇ ತುಂಬಿದ ಪಬ್ಬು. 1983ರಲ್ಲಿ ಟಿಎನ್‌ಟಿ ಅಂತ ಪುಕ್ಕಟೆ ಪತ್ರಿಕೆಯೇ ಶುರುವಾಯಿತು, ರೂಮು, ಕೆಲಸ, ಪ್ರವಾಸ ಎಲ್ಲದರ ಜಾಹೀರಾತು ಅದರಲ್ಲಿ. (ಪುಕ್ಕಟೆ ಹಂಚಿಯೂ ಪತ್ರಿಕೆ ನಡೆಸಬಹುದಾದಷ್ಟು ಜಾಹೀರಾತು! ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದಿಲ್ಲ.)

ಈಗ ನೋಡಿ. ಈ ಹುಡುಗರ ಭಾಷೆ ಇಂಗ್ಲಿಷ್. ಅವರ ಊರಿನ ನಾಣ್ಯದ ಮೇಲೆ ಇದ್ದದ್ದೂ ಲಂಡನ್ನಿನ ಅದೇ ಎಲಿಜಬೆತ್ ರಾಣಿ. ಕಾನೂನಿನ ಲೆಕ್ಕದಲ್ಲಿ ಆಗ ಅವರೂ ಬ್ರಿಟಿಷ್ ಪ್ರಜೆಗಳೇ. ಆಡುವುದು ಅದೇ ಕ್ರಿಕೆಟ್. ಇಷ್ಟಿದ್ದೂ ಲಂಡನ್ನಿನಲ್ಲಿ ಅವರಿಗೆ ತಮ್ಮವರ ಓಣಿಯೇ ಬೇಕಾಯಿತು. ಹಾಗಿರುವಾಗ ನಾಲಿಗೆ, ಊಟ, ಮೈಬಣ್ಣ, ಹಬ್ಬ ಎಲ್ಲವೂ ಬೇರೆಯಾಗಿರುವ ದಾವಣಗೆರೆಯ ಹುಡುಗನೊಬ್ಬ ಸಿಡ್ನಿಯಲ್ಲಿ ಇಳಿದ ಮಾರನೇ ದಿನವೇ ಸಕ್ಕರೆ ಥರ ಕರಗಿಬಿಡಬೇಕು ಅನ್ನುತ್ತೀರಲ್ಲ, ಇದು ಯಾವ ನ್ಯಾಯ?

ಲಂಡನ್ ಹಳೇ ಕಥೆ ಅನ್ನಬೇಡಿ. 2005ರಲ್ಲಿ ಅಮೆರಿಕ ಆಸ್ಟ್ರೇಲಿಯಾದವರಿಗೆಂದೇ ಇ-3 ಅಂತ ಕೆಲಸದ ವೀಸಾ ತಂದಿತು, ವರ್ಷಕ್ಕೆ 10,500 ಜನರಿಗೆ. (ನಮ್ಮ ಹುಡುಗರು ಎಚ್-1ಬಿ ಲಾಟರಿಗೆ ಕಾಯುತ್ತಾ ಕೂರುತ್ತಾರೆ, ಆ ಸಂಕಟ ಇನ್ನೊಂದು ದಿನ ಬರೆಯುತ್ತೇನೆ.) ಆಮೇಲೆ ನ್ಯೂಯಾರ್ಕಿನ ನೊಲಿಟಾದ ಬೀದಿಗಳಲ್ಲಿ ಆಸ್ಟ್ರೇಲಿಯಾದವರ ಕಾಫಿ ಅಂಗಡಿಗಳು ಎಷ್ಟಾದವು ಅಂದರೆ ಜನ ಅದನ್ನು 'ಲಿಟ್ಲ್ ಆಸ್ಟ್ರೇಲಿಯಾ' ಅನ್ನತೊಡಗಿದರು. ನೊಲಿಟಾ ಅಂದರೆ 'ಲಿಟ್ಲ್ ಇಟಲಿಯ ಉತ್ತರಕ್ಕೆ' ಅಂತ. ಒಬ್ಬರ ಕೇರಿಯ ಪಕ್ಕ ಇನ್ನೊಬ್ಬರ ಕೇರಿ! ಕೆನಡಾದ ವಿಸ್ಲರ್‌ನಲ್ಲಿ ಹಿಮದ ಮೇಲೆ ಜಾರಲು ಬಂದು ಅಲ್ಲೇ ಕೆಲಸಕ್ಕೆ ನಿಂತ ಆಸ್ಟ್ರೇಲಿಯಾದ ಹುಡುಗರೂ ಅಷ್ಟೇ, ಆ ಊರನ್ನು ತಮಾಷೆಗೆ 'ವಿಸ್ಟ್ರೇಲಿಯಾ' ಅನ್ನುತ್ತಾರೆ.

ಆದರೆ ನನಗೆ ಇಷ್ಟವಾದ ಕಥೆ ದಕ್ಷಿಣ ಅಮೆರಿಕದ ಪರಾಗ್ವೆಯದು. 1893ರಲ್ಲಿ ವಿಲಿಯಂ ಲೇನ್ ಎಂಬ ಪತ್ರಕರ್ತ, ನಮ್ಮ ಕಸುಬಿನವನೇ, ಇನ್ನೂರಕ್ಕೂ ಜಾಸ್ತಿ ಜನರನ್ನು ಸಿಡ್ನಿಯಿಂದ ಹಡಗು ಹತ್ತಿಸಿದ. ಪರಾಗ್ವೆಯ ಕಾಡಿನಲ್ಲಿ 'ನ್ಯೂ ಆಸ್ಟ್ರೇಲಿಯಾ' ಕಟ್ಟುವುದು ಅವನ ಕನಸು. ಎಲ್ಲರಿಗೂ ಸಮಪಾಲು, ಹೆಂಡ ಮುಟ್ಟಬಾರದು, ಅಲ್ಲಿನ ಜನರ ಜೊತೆ ಸಂಬಂಧ ಬೆಳೆಸಬಾರದು. ಕುಡಿತದ ವಿಷಯಕ್ಕೇ ಜಗಳ ಹತ್ತಿ ವರ್ಷ ತುಂಬುವುದರೊಳಗೆ ಗುಂಪು ಒಡೆಯಿತು. 1894ರಲ್ಲಿ ಲೇನ್ ತನ್ನವರನ್ನು ಕಟ್ಟಿಕೊಂಡು ಹೋಗಿ ಕೋಸ್ಮೆ ಅಂತ ಇನ್ನೊಂದು ಊರು ಮಾಡಿದ. ಅಲ್ಲಿ ಮೇಷ್ಟ್ರಾಗಿದ್ದ ಮೇರಿ ಗಿಲ್ಮೋರ್ ಮುಂದೆ ದೊಡ್ಡ ಕವಿಯಾದರು, ಆಸ್ಟ್ರೇಲಿಯಾದ ಹತ್ತು ಡಾಲರ್ ನೋಟಿನಲ್ಲಿ ಅವರ ಮುಖ ಇದೆ. ನಿಮ್ಮ ಹತ್ತಿರ ಉಳಿದಿದ್ದರೆ ತೆಗೆದು ನೋಡಿ.

ಅವರೆಲ್ಲ ಏನಾದರು? ಲೇನ್ ಬಿಟ್ಟು ಹೋದ. ಉಳಿದವರ ಮಕ್ಕಳು ಮೊಮ್ಮಕ್ಕಳು ಸ್ಪ್ಯಾನಿಷ್, ಅಲ್ಲಿನ ಮೂಲನಿವಾಸಿಗಳ ಗ್ವಾರಾನಿ ಮಾತಾಡಿಕೊಂಡು ಪರಾಗ್ವೆಯವರೇ ಆಗಿಬಿಟ್ಟರು. ಇಂಥ ಒಂದು ಆಸ್ಟ್ರೇಲಿಯನ್ ದಂಪತಿಗೆ 1899ರಲ್ಲಿ ಹುಟ್ಟಿದ ಲಿಯೋನ್ ಕಾಡೋಗನ್, ಕಾಡಿನ ಗ್ವಾರಾನಿ ಜನ ಹೊರಗಿನವರ ಮುಂದೆ ಹೇಳದ ದೇವರ ಮಾತುಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟ. ಬೆರೆಯಬೇಡಿ ಅಂತ ಕಟ್ಟಳೆ ಮಾಡಿದವರ ಗುಂಪಿನ ಮಗ! ನಮ್ಮ ಕಿಟೆಲ್ ನೆನಪಾಗುತ್ತಾರೆ. ಬಾಸೆಲ್ ಮಿಶನ್ನಿನವರ ಜೊತೆ ಬಂದ ಜರ್ಮನ್ ಮನುಷ್ಯ, ಕನ್ನಡ ನಿಘಂಟು ಕೊಟ್ಟದ್ದು ಲೇನ್ ಕೋಸ್ಮೆ ಕಟ್ಟಿದ ಅದೇ 1894ರಲ್ಲಿ.

ನಾನು ಮೊದಲ ಸಲ ಮುಂಬೈಗೆ ಹೋದಾಗ ಇಳಿದದ್ದು ಮಾಟುಂಗದಲ್ಲಿ, ದೂರದ ಸಂಬಂಧದ ಮಾವನ ಹೋಟೆಲಿನ ಅಟ್ಟದ ಮೇಲೆ. ಕುಂದಾಪುರ, ಉಡುಪಿ ಕಡೆಯ ಹುಡುಗರು ಹಗಲೆಲ್ಲ ಲೋಟ ತೊಳೆದು ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಓಡುತ್ತಿದ್ದರು. ಆ ಅಟ್ಟ ಇಲ್ಲದಿದ್ದರೆ ಫುಟ್‌ಪಾತೇ ಗತಿ. ಅವರಲ್ಲೊಬ್ಬ ಈಗ ಫೋನಿನಲ್ಲಿ ಮರಾಠಿಯಲ್ಲಿ ಜಗಳ ಆಡುವುದನ್ನು ಕೇಳಬೇಕು, ನನ್ನ ಕನ್ನಡಕ್ಕಿಂತ ಖಾರವಾಗಿರುತ್ತದೆ. ಮುಂಬೈ ಅವನಿಗೆ ಅದನ್ನು ಕಲಿಸಿದ್ದು ಅಟ್ಟದಿಂದ ಇಳಿದ ಮೇಲೆ.

ನನಗೆ ಸಿಟ್ಟು ಬರುವುದು ಪದಗಳ ಮೇಲೆ. ಆಸ್ಟ್ರೇಲಿಯಾದವನು ಹೊರದೇಶದಲ್ಲಿದ್ದರೆ 'ಎಕ್ಸ್‌ಪ್ಯಾಟ್'. ನಮ್ಮವನಾದರೆ 'ವಲಸಿಗ'. ಅವರ ಗುಂಪಿಗೆ ಕಾಂಗರೂ ಅಂತ ಮುದ್ದಿನ ಹೆಸರು, ನಮ್ಮದಕ್ಕೆ 'ಘೆಟ್ಟೋ'. ಹೊರಗಿನವರು ಹಾಗೆ ಅಂದರೆ ಹೋಗಲಿ ಬಿಡಿ ಅನ್ನಬಹುದು. ಮಗನನ್ನು ಅಲ್ಲಿ ಬಿಟ್ಟು ಬಂದ ಅಪ್ಪನೇ ಅಂದರೆ? ಬೆಂಗಳೂರಿನಲ್ಲೂ ಇದೇ ರೋಗ. ಕಟ್ಟಡ ಕಟ್ಟಲು ಬಂದ ರಾಯಚೂರಿನವರು ಒಂದೇ ಕಡೆ ಶೆಡ್ ಹಾಕಿಕೊಂಡರೆ ಮೂಗು ಮುರಿಯುವ ನಾವು, ಗೇಟು ಹಾಕಿದ ಅಪಾರ್ಟ್‌ಮೆಂಟಿನಲ್ಲಿ ನಮ್ಮಂಥವರೇ ಇದ್ದಾರಾ ಅಂತ ಕೇಳಿಯೇ ಅಡ್ವಾನ್ಸ್ ಕೊಡುತ್ತೇವೆ.

ಅಂದ ಹಾಗೆ ಸಾರ್, ನಿಮ್ಮ ಕವರಿನ ಮೇಲೆ ವಿಳಾಸ 'ಬ್ಯಾಂಕ್ ನೌಕರರ ಬಡಾವಣೆ' ಅಂತ ಇದೆ. ಪತ್ರದ ಮೂರನೇ ಪುಟದಲ್ಲಿ, ಸಿಡ್ನಿಯಲ್ಲಿ ಎಂಟಿಆರ್ ಪುಡಿ, ಒಳ್ಳೇ ತೊಗರಿಬೇಳೆ ಎಲ್ಲಾ ಸಿಕ್ಕಿತು, ಮನೆಯವರಿಗೆ ತುಂಬಾ ಖುಷಿಯಾಯಿತು ಅಂತಲೂ ಬರೆದಿದ್ದೀರಿ. ಆ ಅಂಗಡಿ ಯಾವ ಏರಿಯಾದಲ್ಲಿತ್ತು, ಒಂದು ಸಾಲು ಬರೆದು ತಿಳಿಸಿ.