ವಿಟ್‌ಬಿಗೆ ಕಡಲೇ ರಸ್ತೆ

ಹೊನ್ನಾವರದ ಓದುಗರೇ, ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ವಿಟ್‌ಬಿ ಊರಿನ ಫೋಟೊಗಳನ್ನು ನೋಡಿ ನೀವು ಕೇಳಿದ್ದೀರಿ: "ಬರೀ 13 ಸಾವಿರ ಜನರ ಊರು. ಅದಕ್ಕೆ ಇಷ್ಟೊಂದು ಚರಿತ್ರೆ ಎಲ್ಲಿಂದ ಬಂತು? ಪ್ರವಾಸಿಗಳು ಬರುವ ಮೊದಲು ಅಲ್ಲಿನವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?" ಇಂಥ ಪ್ರಶ್ನೆ ಬಂದರೆ ನನಗೆ ಖುಷಿ. ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ಊರು ಇರುವ ಜಾಗ ನೋಡಿ. ಯಾರ್ಕ್‌ಷೈರಿನ ಕರಾವಳಿಯಲ್ಲಿ ಎಸ್ಕ್ ನದಿ ಸಮುದ್ರ ಸೇರುವ ಕಡೆ, ಎರಡೂ ದಡಗಳಲ್ಲಿ ಮನೆಗಳು ಒತ್ತೊತ್ತಾಗಿ ನಿಂತಿವೆ. ಹಿಂದುಗಡೆ ಮೈಲುಗಟ್ಟಲೆ ಕುರುಚಲು ಗಿಡದ ಬೋಳು ಗುಡ್ಡ. ಅದನ್ನು ಗಾಡಿಯಲ್ಲಿ ದಾಟುವುದು ಆಗ ಸುಲಭ ಇರಲಿಲ್ಲ. 1836ರಲ್ಲಿ ಪಿಕರಿಂಗ್‌ವರೆಗೆ ರೈಲು ಹಾದಿ ಬಂದಾಗಲೂ ಡಬ್ಬಿಗಳನ್ನು ಎಳೆದದ್ದು ಕುದುರೆಗಳೇ. ಹಾಗಾಗಿ ಊರವರಿಗೆ ಕಡಲೇ ರಸ್ತೆ, ಕಡಲೇ ಗದ್ದೆ.

ಗುಡ್ಡದ ಮೇಲಿನ ಪಾಳು ಮಠ ಫೋಟೊದಲ್ಲೇ ಇತ್ತು. 657ರಲ್ಲಿ ಶುರುವಾದ ಆ ಮಠಕ್ಕೆ ಹಿಲ್ಡಾ ಎಂಬ ಹೆಂಗಸು ಮುಖ್ಯಸ್ಥೆ. ಈಸ್ಟರ್ ಹಬ್ಬದ ದಿನವನ್ನು ಯಾವ ಲೆಕ್ಕದಲ್ಲಿ ಗೊತ್ತುಮಾಡಬೇಕು ಎಂದು 664ರಲ್ಲಿ ತೀರ್ಮಾನವಾದದ್ದು ಅಲ್ಲೇ. ಮಠದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾವು 199 ಮೆಟ್ಟಿಲು ಇಳಿದು ಬಂದರಿಗೆ ಹೋಗೋಣ.

ನ್ಯೂಕಾಸಲ್ ಕಡೆಯ ಕಲ್ಲಿದ್ದಲನ್ನು ಲಂಡನ್‌ಗೆ ಒಯ್ಯುವ ಹಡಗುಗಳನ್ನು ಇಲ್ಲಿ ಕಟ್ಟುತ್ತಿದ್ದರು. ಅಗಲ ಹೊಟ್ಟೆ, ಚಪ್ಪಟೆ ತಳ. ನೀರು ಇಳಿದಾಗ ಮರಳಿನ ಮೇಲೆ ವಾಲದೆ ಕೂರಲಿ ಎಂದೇ ಆ ಆಕಾರ. 1746ರಲ್ಲಿ ಜೇಮ್ಸ್ ಕುಕ್ ಎಂಬ ಹುಡುಗ ಇಲ್ಲಿನ ಹಡಗು ಮಾಲೀಕ ಜಾನ್ ವಾಕರ್ ಹತ್ತಿರ ಕೆಲಸ ಕಲಿಯಲು ಸೇರಿ, ಕಲ್ಲಿದ್ದಲು ಹಡಗಿನಲ್ಲೇ ಪಳಗಿದ. 1768ರಲ್ಲಿ ಪೆಸಿಫಿಕ್ ಸಾಗರಕ್ಕೆ ಹೊರಟಾಗ ಅವನಿಗೆ ಸಿಕ್ಕ 'ಎಂಡೆವರ್' ಕೂಡ ವಿಟ್‌ಬಿಯಲ್ಲಿ ಕಟ್ಟಿದ ಕಲ್ಲಿದ್ದಲು ಹಡಗೇ. 1770ರಲ್ಲಿ ಅದು ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿದು ತಳ ತೂತಾಯಿತು. ತಳ ಚಪ್ಪಟೆ ಇದ್ದದ್ದರಿಂದ ನದಿಯ ದಡಕ್ಕೆ ಎಳೆದು ರಿಪೇರಿ ಮಾಡಲು ಆಯಿತು. ಆ ಯಾನದಿಂದ ಅಲ್ಲಿನ ಮೂಲನಿವಾಸಿಗಳಿಗೆ ಮುಂದೆ ಆದ ಕೇಡನ್ನು ನಾನು ಮರೆತಿಲ್ಲ. ಆದರೆ ಹಡಗು ಕಟ್ಟಿದ ಬಡಗಿಗಳ ಕೈಕೆಲಸ ದೊಡ್ಡದು.

ಆಮೇಲೆ ತಿಮಿಂಗಿಲ ಬೇಟೆ ಬಂತು, ಹೋಯಿತು. ಬಂಡೆಗಳಲ್ಲಿ ಸಿಗುವ ಜೆಟ್ ಕೂಡ ಊರಿಗೆ ಅನ್ನ ಕೊಟ್ಟಿತು. ಕೋಟ್ಯಂತರ ವರ್ಷದ ಹಿಂದಿನ ಮರ ಹೂತು ಆದ ಕಪ್ಪು ಹರಳು ಅದು. ಕೈಯಲ್ಲಿ ಹಿಡಿದರೆ ಹಗುರ, ಮುಟ್ಟಿದರೆ ಕಲ್ಲಿನಷ್ಟು ತಣ್ಣಗಿಲ್ಲ. ಒರಟು ಪಿಂಗಾಣಿಯ ಮೇಲೆ ಗೀರಿದರೆ ಕಂದು ಗೆರೆ ಬೀಳುತ್ತದೆ. 1861ರಲ್ಲಿ ಗಂಡ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಇದರ ಒಡವೆ ತೊಟ್ಟಳು. ದೇಶವೆಲ್ಲ ಅದನ್ನೇ ಕೇಳಿತು.

ನನಗೆ ಈ ಊರಿನ ಮೇಲೆ ಗೌರವ ಬಂದದ್ದು ಮಾತ್ರ ಅಲ್ಲಿನ ಲೈಫ್‌ಬೋಟ್ ಜನರಿಂದ, ಅಂದರೆ ಅಪಾಯಕ್ಕೆ ಸಿಕ್ಕ ಹಡಗಿನವರನ್ನು ಕಾಪಾಡಲು ದೋಣಿಯಲ್ಲಿ ಹೋಗುವವರಿಂದ. 1861ರ ಫೆಬ್ರವರಿಯ ಬಿರುಗಾಳಿಯಲ್ಲಿ ಒಂದೇ ದಿನ ಮತ್ತೆ ಮತ್ತೆ ಕಡಲಿಗಿಳಿದ 13 ಮಂದಿಯಲ್ಲಿ 12 ಮಂದಿ ಸತ್ತರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಮಾದರಿಯ ಬೆಂಡಿನ ಜಾಕೆಟ್ ತೊಟ್ಟಿದ್ದವನೂ ಅವನೊಬ್ಬನೇ.

1914ರ ಅಕ್ಟೋಬರ್ 30ರ ನಸುಕಿನಲ್ಲಿ 'ರೋಹಿಲ್ಲಾ' ಬಂಡೆಗೆ ಬಡಿಯಿತು. ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗು, ಯುದ್ಧಕ್ಕಾಗಿ ಆಸ್ಪತ್ರೆ ಹಡಗಾಗಿತ್ತು. ಒಳಗೆ 229 ಜನ. ದಡ ಅರ್ಧ ಕಿಲೋಮೀಟರ್ ಚಿಲ್ಲರೆ ದೂರ, ಆದರೂ ಮುಟ್ಟಲು ಆಗದು. ಊರವರು ಹುಟ್ಟಿನ ದೋಣಿಯನ್ನು ಬಂಡೆಗಳ ಮೇಲೆ ಎಳೆದು ತಂದು ಎರಡು ಸಲ ಹೋಗಿ 35 ಜನರನ್ನು ಕರೆತಂದರು. ದೋಣಿ ಜಖಂ ಆಯಿತು. ಇನ್ನೊಂದನ್ನು ಕಡಿದಾದ ದಿಬ್ಬದಿಂದ ಹಗ್ಗ ಕಟ್ಟಿ ಇಳಿಸಿದರು. ಈಜಿ ಬಂದವರನ್ನು ಎದೆಮಟ್ಟದ ನೀರಿಗಿಳಿದು ಹಿಡಿದುಕೊಂಡರು. ಕೊನೆಗೆ ಟೈನ್‌ಮತ್‌ನಿಂದ ಕತ್ತಲಲ್ಲಿ 70 ಕಿಲೋಮೀಟರ್ ಬಂದ ಮೋಟಾರು ದೋಣಿ, ಅಲೆ ತಗ್ಗಲೆಂದು ಎಣ್ಣೆ ಸುರಿದು, ಉಳಿದ 50 ಜನರನ್ನು ಇಳಿಸಿಕೊಂಡಿತು. ಅಷ್ಟರಲ್ಲಿ ಎರಡು ದಿನ ಕಳೆದಿತ್ತು, 80ಕ್ಕೂ ಹೆಚ್ಚು ಜನ ಸತ್ತಿದ್ದರು. ಮೋಟಾರು ದೋಣಿಯನ್ನು ನಂಬದಿದ್ದವರೂ ಆಮೇಲೆ ನಂಬಿದರು.

ಈಗಿನ ಕಷ್ಟ ಬೇರೆ. ರಜೆಗೆ ಬರುವವರು ಮನೆ ಕೊಂಡು ಬೆಲೆ ಏರಿದೆ, ಊರಿನ ಹುಡುಗರಿಗೆ ಊರಲ್ಲೇ ಮನೆ ಸಿಗುತ್ತಿಲ್ಲ. 2022ರ ಜೂನ್‌ನಲ್ಲಿ ಊರವರು ಮತ ಹಾಕಿದರು: ಹೊಸ ಮನೆಗಳು ಕಾಯಂ ವಾಸಿಗಳಿಗೆ ಮಾತ್ರ ಇರಲಿ ಎಂದವರು 2,111, ಬೇಡ ಎಂದವರು 157. ಈ ಮತಕ್ಕೆ ಕಾನೂನಿನ ಬಲ ಇಲ್ಲ. ವಿಟ್‌ಬಿ ಬಗ್ಗೆ ಮತ್ತೆ ಬರೆಸಿದರೆ ಆ 2,111 ಜನರ ಮಾತನ್ನೇ ಬರೆಸುತ್ತೇನೆ.

– ಸಂಪಾದಕ