ಮೈ ಥಳಥಳ, ಒಳಗೆ ಪಾದರಸ

ಪ್ರಶ್ನೆ: ಕೆರೆ, ನದಿಗಳ ಮೀನಿನಲ್ಲಿ ಪಾದರಸ ಸೇರಿರುತ್ತದೆ ಅಂತ ಓದಿದೆ. ಆದರೆ ಮೀನುಗಳು ಚೆನ್ನಾಗಿಯೇ ಈಜಾಡುತ್ತಿರುತ್ತವೆ, ಸತ್ತು ತೇಲುವುದಿಲ್ಲ. ಹಾಗಾದರೆ ತೊಂದರೆ ತಿನ್ನುವವರಿಗೆ ಮಾತ್ರ ಅಲ್ವಾ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಮೀನು ಪರೀಕ್ಷೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದೊಡ್ಡ ಬೇಟೆಮೀನು ನನ್ನ ಮೇಜಿಗೆ ಬಂತು. ಮೈ ಥಳಥಳ, ಕಿವಿರು ಕೆಂಪಗೆ, ಎಲ್ಲೂ ಗಾಯವಿಲ್ಲ. ಇದಕ್ಕೇನಾಗಿದೆ ಅಂತ ಸುಮ್ನೆ ತಂದರೋ ಅನ್ನಿಸಿತು. ಲಿವರಿನ ತೆಳು ಚೂರು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಜೀವಕೋಶಗಳಲ್ಲಿ ಕಂದು ಗಸಿ ಕಟ್ಟಿತ್ತು. ಲಿಪೊಫಸಿನ್ ಅನ್ನುತ್ತಾರೆ, ಜೀವಕೋಶ ಹೊರಹಾಕಲಾಗದೆ ಉಳಿಸಿಕೊಂಡ ಕಸ. ಮುದಿ ಮೀನಿನಲ್ಲೂ ಇರುತ್ತದೆ, ನಿಜ. ಆದರೆ ಪಾದರಸ ಜಾಸ್ತಿ ಇರುವ ಮೀನುಗಳಲ್ಲಿ ಇದೂ ಜಾಸ್ತಿ.

ನೀರಿಗೆ ಬಿದ್ದ ಪಾದರಸವನ್ನು ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಾಗಳು ಮೀಥೈಲ್ ಮರ್ಕ್ಯುರಿ, ಅಂದರೆ ಜೀವಿಗಳ ಮೈಗೆ ಸುಲಭವಾಗಿ ಸೇರುವ ಪಾದರಸದ ರೂಪ, ಮಾಡುತ್ತವೆ. ಅದು ಪಾಚಿಗೆ, ಪಾಚಿಯಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ ಏರುತ್ತದೆ. ಸಣ್ಣದನ್ನು ತಿನ್ನುವ ದೊಡ್ಡ ಮೀನಿಗೆ ಬರುವಷ್ಟರಲ್ಲಿ ನೀರಿನಲ್ಲಿ ಇದ್ದುದಕ್ಕಿಂತ ಹತ್ತು ಲಕ್ಷ ಪಟ್ಟು ಆಗಿರಬಹುದು.

ಇಷ್ಟಾದರೂ ಮೀನು ಸಾಯುವುದು ಅಪರೂಪ. ಪೆಟ್ಟು ಬೀಳುವುದು ಬೇರೆ ಕಡೆ. ಫ್ಯಾಟ್‌ಹೆಡ್ ಮಿನೋ ಎಂಬ ಪುಟ್ಟ ಮೀನುಗಳಿಗೆ ಪಾದರಸ ಬೆರೆಸಿದ ಆಹಾರ ಕೊಟ್ಟು ನೋಡಿದಾಗ, ಗಂಡಿನಲ್ಲೂ ಹೆಣ್ಣಿನಲ್ಲೂ ಲೈಂಗಿಕ ಹಾರ್ಮೋನು ಇಳಿಯಿತು, ಮೊಟ್ಟೆಯಿಡುವುದು ಕಡಿಮೆಯಾಯಿತು. ಗೋಲ್ಡನ್ ಶೈನರ್ ಮೀನುಗಳ ಮೇಲೆ ಹಕ್ಕಿಯ ಗೊಂಬೆ ಎರಗಿಸಿದ ಪ್ರಯೋಗವೂ ಇದೆ. ಹೆದರಿದ ಮೀನುಗಳು ಒತ್ತೊತ್ತಾಗಿ ಸೇರಬೇಕು, ಅದೇ ಅವುಗಳ ರಕ್ಷಣೆ. ಪಾದರಸ ತಿಂದವು ಚದುರಿಹೋದವು, ಸುಧಾರಿಸಿಕೊಳ್ಳಲೂ ಹೊತ್ತು ಹಿಡಿಯಿತು. ಅಂಥ ಮೀನು ಹಕ್ಕಿಯ ಬಾಯಿಗೆ ಹೋದರೆ ನಮಗೆ ತೇಲುವ ಹೆಣ ಹೇಗೆ ಕಂಡೀತು?

ಪ್ರಶ್ನೆ: ಪಾದರಸ ಸುರಿಯುವುದು ನಿಂತರೆ ಮೀನು ಸರಿಹೋಗುತ್ತದಾ?

ಉತ್ತರ: ಕೆನಡಾದ ವಿಜ್ಞಾನಿಗಳು 658ನೇ ನಂಬರಿನ ಸರೋವರಕ್ಕೆ 2001ರಿಂದ 2007ರವರೆಗೆ ಬೇಕೆಂದೇ ಪಾದರಸ ಹಾಕಿದರು. ಹಾಕಿದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಅಂತ ಬೇರೆ ಮಾಡಲು ವಿಶೇಷ ಐಸೋಟೋಪ್, ಅಂದರೆ ಪರಮಾಣುವಿನ ತೂಕದಿಂದ ಗುರುತು ಹಿಡಿಯಬಹುದಾದ ಪಾದರಸ, ಬಳಸಿದರು. ಜಾಣತನ ಅಂದರೆ ಇದು. ನಿಲ್ಲಿಸಿದ ಮೇಲೆ ಎಂಟು ವರ್ಷ ಕಾದು ನೋಡಿದರು. ಸಣ್ಣ ಮೀನುಗಳಲ್ಲಿ ಹಾಕಿದ ಪಾದರಸ ಬೇಗನೆ ಇಳಿದಿತ್ತು. ದೊಡ್ಡವುಗಳಲ್ಲೂ ಒಟ್ಟಾರೆ ಕಡಿಮೆಯಾಗಿತ್ತು. ಆದರೆ ಪೈಕ್ ಎಂಬ ದೊಡ್ಡ ಬೇಟೆಮೀನುಗಳಲ್ಲಿ ಹಳೆಯವುಗಳ ಮೈಯಿಂದ ಅದು ಅಷ್ಟು ಸುಲಭಕ್ಕೆ ಹೋಗಲಿಲ್ಲ. ಅವು ಸತ್ತ ಜಾಗಕ್ಕೆ ಪಾದರಸ ಕಡಿಮೆ ಇರುವ ಹೊಸ ಮರಿಗಳು ಬೆಳೆದು ಬಂದವು, ಅಷ್ಟೇ.