ಹೊರಗೆ ಹೋಗಲಾಗದವರ ಮನೆಯ ಪ್ರೀಪೇಯ್ಡ್ ಮೀಟರ್

ಪ್ರಶ್ನೆ: ನನ್ನ ಚಿಕ್ಕಮ್ಮನವರಿಗೆ 78 ವರ್ಷ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಬಾಡಿಗೆ ಮನೆಯೊಂದರಲ್ಲಿ ಒಬ್ಬರೇ ಇದ್ದಾರೆ. ಆ ಮನೆಯಲ್ಲಿ ಕರೆಂಟಿಗೂ ಗ್ಯಾಸಿಗೂ ಪ್ರೀಪೇಯ್ಡ್ ಮೀಟರ್ ಇದೆ. ಕರೆಂಟಿಗೆ ಪ್ಲಾಸ್ಟಿಕ್ ಕೀ, ಗ್ಯಾಸಿಗೆ ಕಾರ್ಡ್. ಎರಡನ್ನೂ ಅಂಗಡಿಗೆ ಒಯ್ದು ಹಣ ತುಂಬಿಸಿಕೊಂಡು ಬರಬೇಕು. ಸೊಂಟದ ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ಮೆಟ್ಟಿಲು ಇಳಿಯುವುದೇ ಕಷ್ಟವಾಗಿದೆ. ನೆರೆಮನೆಯವರನ್ನು ಮತ್ತೆ ಮತ್ತೆ ಕೇಳಲು ಸಂಕೋಚಪಟ್ಟು, ಗ್ಯಾಸ್ ನಿಂತುಹೋದರೂ ಯಾರಿಗೂ ಹೇಳದೆ ಎರಡು ದಿನ ಚಳಿಯಲ್ಲೇ ಕಳೆದಿದ್ದಾರೆ. ಮೈಸೂರಿನಲ್ಲಿರುವ ನಾನು ಇಲ್ಲಿಂದ ಏನು ಮಾಡಬಹುದು?

ಉತ್ತರ: ಈ ವಾರ ಅವರ ಮನೆ ಬೆಚ್ಚಗಿರಬೇಕು ಎಂಬುದು ತುರ್ತಿನ ಮಾತು. ಆದರೆ ಅಂಗಡಿಗೆ ಹೋಗಿಯೇ ಹಣ ತುಂಬಿಸಬೇಕಾದ ಮೀಟರ್ ಅವರ ಮನೆಯಲ್ಲಿ ಇನ್ನು ಮುಂದೆ ಇರಲೇಬಾರದು ಎಂಬುದು ಅದಕ್ಕಿಂತ ದೊಡ್ಡ ಮಾತು. ಹೆಚ್ಚಿನ ಕುಟುಂಬಗಳು ಮೊದಲನೆಯದನ್ನು ಹೇಗೋ ನಿಭಾಯಿಸಿ ಎರಡನೆಯದನ್ನು ಕೇಳದೆ ಬಿಟ್ಟುಬಿಡುತ್ತವೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಮೊದಲು ತುರ್ತಿನದನ್ನು ನೋಡೋಣ. ಬ್ರಿಟನ್ನಿನ ಪ್ರೀಪೇಯ್ಡ್ ಮೀಟರುಗಳಲ್ಲಿ ಹಣ ಮುಗಿದ ತಕ್ಷಣ ಸರಬರಾಜು ನಿಲ್ಲದಂತೆ ‘ಎಮರ್ಜೆನ್ಸಿ ಕ್ರೆಡಿಟ್’ ಎಂಬ ಸಣ್ಣ ಮುಂಗಡವಿರುತ್ತದೆ. ಸಾಮಾನ್ಯವಾಗಿ ಅದು 5ರಿಂದ 10 ಪೌಂಡ್. ಹಳೆಯ ಕೀ ಮೀಟರಿನಲ್ಲಿ ಇದು ತಾನಾಗಿ ಸಿಗುವುದಿಲ್ಲ. ಬಾಕಿ ಹಣ ತೀರಾ ಕಡಿಮೆಯಾದಾಗ ಕೀಯನ್ನು ಮೀಟರಿಗೆ ಹಾಕಿ ಪಡೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ನೆರೆಯವರು ಹಣ ತುಂಬಿಸಲೆಂದು ಕೀಯನ್ನು ಒಯ್ದರೆ ಅದೇ ದಿನ ತಂದುಕೊಡುವಂತೆ ಚಿಕ್ಕಮ್ಮನವರು ಕೇಳಿಕೊಳ್ಳಲಿ. ಕೀ ಹೊರಗಿದ್ದಾಗ ಕರೆಂಟ್ ಹೋಗುವುದಿಲ್ಲವಾದರೂ, ಅಷ್ಟರಲ್ಲಿ ಹಣ ಮುಗಿದರೆ ಈ ಮುಂಗಡ ಕೈಗೆ ಸಿಗದೇ ಹೋಗುತ್ತದೆ. ಸಂಜೆ ಮತ್ತು ರಾತ್ರಿಯ ವೇಳೆ, ವಾರಾಂತ್ಯ ಹಾಗೂ ಸಾರ್ವಜನಿಕ ರಜಾದಿನಗಳಲ್ಲಿ ಹಣ ಮುಗಿದರೂ ಸರಬರಾಜು ಕಡಿತವಾಗದಂತೆ ‘ಫ್ರೆಂಡ್ಲಿ ಅವರ್ಸ್’ ಎಂಬ ಇನ್ನೊಂದು ಏರ್ಪಾಡಿದೆ. ಅದರ ಸರಿಯಾದ ಗಂಟೆಗಳು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಅವನ್ನು ಕೇಳಿ, ದೊಡ್ಡ ಅಕ್ಷರದಲ್ಲಿ ಬರೆಸಿ, ಮೀಟರಿನ ಬಳಿ ಅಂಟಿಸಿಡುವುದು ಒಳ್ಳೆಯದು. ಈ ಎರಡೂ ಸಾಲವೇ. ಮುಂದೆ ತುಂಬಿಸುವ ಹಣದಲ್ಲಿ ಮುರಿದುಕೊಳ್ಳಲಾಗುತ್ತದೆ.

ಇಷ್ಟೂ ಮುಗಿದವರಿಗೆ, ಅಥವಾ ಮುಗಿಯುವ ಭಯವಿರುವವರಿಗೆ, ‘ಅಡಿಷನಲ್ ಸಪೋರ್ಟ್ ಕ್ರೆಡಿಟ್’ ಎಂಬುದಿದೆ. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್‌ಲೆಂಡಿನ ಇಂಧನ ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್ 2020ರ ಡಿಸೆಂಬರ್‌ನಿಂದ ಜಾರಿಗೆ ತಂದ ನಿಯಮದ ಪ್ರಕಾರ, ವಯಸ್ಸು, ಕಾಯಿಲೆ, ಅಂಗವೈಕಲ್ಯ ಮುಂತಾದ ಕಾರಣಗಳಿಂದ ಕಷ್ಟದಲ್ಲಿರುವ ಪ್ರೀಪೇಯ್ಡ್ ಗ್ರಾಹಕರಿಗೆ ಕಂಪನಿಗಳು ಇದನ್ನು ನೀಡಬೇಕು. ಅದನ್ನು ಮರಳಿ ಪಡೆಯುವಾಗ ಗ್ರಾಹಕರಿಗೆ ಎಷ್ಟು ಕೊಡಲು ಸಾಧ್ಯ ಎಂಬುದನ್ನೂ ನೋಡಬೇಕು. ಚಿಕ್ಕಮ್ಮನವರು ಇಂದೇ ಕಂಪನಿಗೆ ಫೋನ್ ಮಾಡಿ, ತಮ್ಮ ವಯಸ್ಸನ್ನೂ ಶಸ್ತ್ರಚಿಕಿತ್ಸೆಯಾಗಿರುವುದನ್ನೂ ಗ್ಯಾಸ್ ಇಲ್ಲದೆ ಎರಡು ದಿನ ಕಳೆದುದನ್ನೂ ಮುಚ್ಚಿಡದೆ ಹೇಳಬೇಕು. ಅಭಿಮಾನದಿಂದ ‘ಸುಮ್ಮನೆ ವಿಚಾರಿಸೋಣವೆಂದು ಮಾಡಿದೆ’ ಎಂದುಬಿಟ್ಟರೆ ಕಂಪನಿ ಅದನ್ನು ಸಾಮಾನ್ಯ ವಿಚಾರಣೆಯೆಂದೇ ದಾಖಲಿಸಿಕೊಳ್ಳುವ ಸಾಧ್ಯತೆ ಇರುತ್ತದೆ.

ಮನೆಯಲ್ಲೇ ಉಳಿಯಬೇಕಾದವರ ಪ್ರೀಪೇಯ್ಡ್ ಮೀಟರ್ ಆ ದೇಶಕ್ಕೆ ಹೊಸ ಸಮಸ್ಯೆಯಲ್ಲ. ಕೋವಿಡ್ ಹರಡುತ್ತಿದ್ದಾಗ, 2020ರ ಮಾರ್ಚ್ 19ರಂದು, ಅಲ್ಲಿನ ಸರ್ಕಾರವೂ ಇಂಧನ ಕಂಪನಿಗಳೂ ಒಂದು ಒಪ್ಪಂದವನ್ನು ಪ್ರಕಟಿಸಿದವು. ಆಗ ಪ್ರೀಪೇಯ್ಡ್ ಮೀಟರ್ ಬಳಸುತ್ತಿದ್ದ ಗ್ರಾಹಕರು 40 ಲಕ್ಷಕ್ಕೂ ಹೆಚ್ಚು. ಹೊರಗೆ ಹೋಗಲಾಗದವರು ತಮ್ಮ ಪರವಾಗಿ ಹಣ ತುಂಬಿಸಲು ಬೇರೊಬ್ಬರನ್ನು ಸೂಚಿಸಬಹುದಿತ್ತು. ಕಂಪನಿಯೇ ಅವರ ಖಾತೆಗೆ ಹಣ ಸೇರಿಸಬಹುದಿತ್ತು. ಮೊದಲೇ ಹಣ ತುಂಬಿದ ಕಾರ್ಡನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ನಿಮ್ಮ ಚಿಕ್ಕಮ್ಮನವರ ಕಂಪನಿಗೂ ಇದೇ ಉದಾಹರಣೆ ಕೊಟ್ಟು, ಹಣ ತುಂಬಿದ ಕೀಯನ್ನೂ ಕಾರ್ಡನ್ನೂ ಅಂಚೆಯಲ್ಲಿ ಕಳಿಸಲು ಸಾಧ್ಯವೇ ಎಂದು ಕೇಳಬಹುದು. ಅಲ್ಲಿಯವರೆಗೆ ನೆರೆಯವರ ಸಹಾಯ ಬೇಕೇ ಬೇಕು. ಅವರ ಕೈಗೆ ಕೀ, ಕಾರ್ಡ್ ಮತ್ತು ನಗದು ಕೊಟ್ಟರೆ ಸಾಕು. ಬ್ಯಾಂಕ್ ಕಾರ್ಡನ್ನಾಗಲಿ ಅದರ ಗುಪ್ತ ಸಂಖ್ಯೆಯನ್ನಾಗಲಿ ಎಷ್ಟೇ ಆತ್ಮೀಯರಾದರೂ ಕೊಡಬಾರದು. ಕೀ ಆಯಾ ಮೀಟರಿಗೆ ಮಾತ್ರ ಹೊಂದುವುದರಿಂದ ನೆರೆಯವರ ಕೀಯಲ್ಲಿ ಹಣ ತುಂಬಿಸಿ ಇಲ್ಲಿ ಬಳಸಲು ಆಗುವುದಿಲ್ಲ. ಗ್ಯಾಸ್ ಒಮ್ಮೆ ನಿಂತಿದ್ದರೆ ಹಣ ತುಂಬಿದ ಮಾತ್ರಕ್ಕೆ ಅದು ತಾನಾಗಿ ಹರಿಯುವುದಿಲ್ಲ ಎಂಬುದೂ ನೆನಪಿರಲಿ: ಒಲೆಯ ಗುಂಡಿಗಳೆಲ್ಲ ಮುಚ್ಚಿವೆಯೇ ಎಂದು ನೋಡಿಕೊಂಡು, ಮೀಟರಿನ ಗುಂಡಿಯನ್ನು ಒತ್ತಿ ಸರಬರಾಜನ್ನು ಮತ್ತೆ ಆರಂಭಿಸಬೇಕು. ಹಲವು ಮನೆಗಳಲ್ಲಿ ಗ್ಯಾಸ್ ಮೀಟರ್ ಹೊರಗೋಡೆಯ ತಗ್ಗಿನ ಪೆಟ್ಟಿಗೆಯಲ್ಲಿರುತ್ತದೆ. ಸೊಂಟ ಬಗ್ಗಿಸಲಾಗದವರಿಗೆ ಅದು ಅಂಗಡಿಯಷ್ಟೇ ದೂರ.

ಇನ್ನು ದೊಡ್ಡ ಮಾತಿಗೆ ಬರೋಣ. ಕಂಪನಿಗಳ ಪರವಾನಗಿಯ ಷರತ್ತಿನ ಪ್ರಕಾರ, ಪ್ರೀಪೇಯ್ಡ್ ಮೀಟರ್ ಆ ಗ್ರಾಹಕರ ಮಟ್ಟಿಗೆ ಸುರಕ್ಷಿತವೂ ಕಾರ್ಯತಃ ಸಾಧ್ಯವೂ ಆಗಿರಬೇಕು. ಇದು ಮೀಟರ್ ಹಾಕಿದ ದಿನಕ್ಕೆ ಮಾತ್ರ ಅನ್ವಯಿಸುವ ಷರತ್ತಲ್ಲ. ಗ್ರಾಹಕರ ಪರಿಸ್ಥಿತಿ ಬದಲಾದರೆ ಕಂಪನಿ ಮತ್ತೆ ಪರಿಶೀಲಿಸಬೇಕು. ಮೀಟರಿನ ಬಳಿಗೆ ಹೋಗಲು ಅಥವಾ ಹಣ ತುಂಬಿಸಲು ಆಗದಿದ್ದರೆ ಅದನ್ನು ಕೈಗೆಟಕುವ ಜಾಗಕ್ಕೆ ಬದಲಾಯಿಸುವುದೋ, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಬಿಲ್ ಕಟ್ಟುವ ಸಾಮಾನ್ಯ ಮೀಟರಿಗೆ ಬದಲಾಯಿಸುವುದೋ ಕಂಪನಿಯ ಹೊಣೆ. ಪತ್ರದಲ್ಲಿ ‘ಈ ಮೀಟರ್ ನನಗೆ ಸುರಕ್ಷಿತವೂ ಅಲ್ಲ, ಬಳಸಲು ಸಾಧ್ಯವೂ ಇಲ್ಲ’ ಎಂಬ ಮಾತುಗಳೇ ಇರಲಿ, ಏಕೆಂದರೆ ನಿಯಮ ಗುರುತಿಸುವುದು ಈ ಮಾತುಗಳನ್ನೇ. ಬಲವಂತವಾಗಿ ಪ್ರೀಪೇಯ್ಡ್ ಮೀಟರ್ ಅಳವಡಿಸುವುದರ ಬಗ್ಗೆ 2023ರಲ್ಲಿ ದೊಡ್ಡ ವಿವಾದವೆದ್ದ ಮೇಲೆ ಆಫ್‌ಜೆಮ್ ಮಾಡಿದ ನಿಯಮಗಳಲ್ಲಿ, ಮನೆಯಲ್ಲಿ ಬೇರೆ ಆಸರೆಯಿಲ್ಲದ 75 ವರ್ಷ ದಾಟಿದವರು, ದೈಹಿಕ ಅಥವಾ ಮಾನಸಿಕ ಅಶಕ್ತತೆಯಿಂದ ಹಣ ತುಂಬಿಸಬಲ್ಲವರು ಯಾರೂ ಇಲ್ಲದ ಮನೆಗಳು ಮುಂತಾದ ಕಡೆ ಅದನ್ನು ಬಲವಂತವಾಗಿ ಹಾಕುವುದನ್ನೇ ನಿಷೇಧಿಸಲಾಗಿದೆ. ಮೊದಲೇ ಇರುವ ಮೀಟರಿಗೆ ಆ ನಿಷೇಧ ನೇರವಾಗಿ ಅನ್ವಯಿಸದು. ಆದರೂ ಹೊಸದಾಗಿ ಹಾಕಲು ಅಪಾಯಕಾರಿಯೆಂದು ನಿಯಮವೇ ಹೇಳುವ ಮೀಟರನ್ನು ಅಂಥವರ ಮನೆಯಲ್ಲಿ ಹಾಗೆಯೇ ಮುಂದುವರಿಸುವುದು ಹೇಗೆ ಸರಿ ಎಂದು ನೀವು ಧೈರ್ಯವಾಗಿ ಕೇಳಬಹುದು.

ಬಿಲ್ ಕಟ್ಟುವವರು ಚಿಕ್ಕಮ್ಮನವರೇ ಆಗಿರುವುದರಿಂದ ಬಾಡಿಗೆದಾರರಾಗಿಯೂ ಈ ಬದಲಾವಣೆ ಕೇಳಬಹುದು. ಮನೆಯ ಮಾಲೀಕರಿಗೆ ಒಂದು ಮಾತು ತಿಳಿಸಿದರೆ ಮುಂದೆ ತಕರಾರು ಬರುವುದಿಲ್ಲ. ಕಂಪನಿ ಸ್ಮಾರ್ಟ್ ಮೀಟರ್ ಹಾಕುವುದಾಗಿ ಹೇಳಬಹುದು. ಸ್ಮಾರ್ಟ್ ಮೀಟರನ್ನೂ ಪ್ರೀಪೇಯ್ಡ್ ಆಗಿ ನಡೆಸಬಹುದು, ಆಗ ಮೊಬೈಲ್ ಆ್ಯಪ್, ಜಾಲತಾಣ ಅಥವಾ ಫೋನ್ ಮೂಲಕ ಕುಳಿತಲ್ಲಿಂದಲೇ ಹಣ ತುಂಬಿಸಬಹುದು ಎಂಬುದು ನಿಜ. ಆದರೆ ಕೆಲವೊಮ್ಮೆ ಆ ಹಣ ಮೀಟರಿಗೆ ತಲುಪದೆ, ಕಂಪನಿ ಕಳಿಸುವ 20 ಅಂಕಿಗಳ ಸಂಖ್ಯೆಯನ್ನು ಕೈಯಿಂದಲೇ ಒತ್ತಬೇಕಾಗುತ್ತದೆ. ಒಬ್ಬರೇ ಇರುವ 78ರ ಹಿರಿಯರಿಗೆ ನನ್ನ ಸಲಹೆ, ಸ್ಮಾರ್ಟ್ ಮೀಟರ್ ಹಾಕಿಸಿಕೊಂಡರೂ ಅದನ್ನು ಬಿಲ್ ಪದ್ಧತಿಯಲ್ಲೇ ಇರಿಸಿಕೊಳ್ಳಬೇಕು ಎಂಬುದು.

ಮೈಸೂರಿನಿಂದ ನೀವು ಮಾಡಬಹುದಾದ ಮುಖ್ಯ ಕೆಲಸವೊಂದಿದೆ. ಬ್ರಿಟನ್ನಿನಲ್ಲಿ ‘ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್’ ಎಂಬ ಉಚಿತ ನೋಂದಣಿ ಇದೆ. ಪಿಂಚಣಿ ವಯಸ್ಸು ದಾಟಿದವರು, ಅನಾರೋಗ್ಯದಲ್ಲಿರುವವರು, ಅಂಗವಿಕಲರು ಸೇರಬಹುದು. ಇದರಲ್ಲಿ ಸೇರಿದವರು ತಮ್ಮ ಪರವಾಗಿ ಕಂಪನಿಯೊಡನೆ ವ್ಯವಹರಿಸಲು ಒಬ್ಬರನ್ನು ಸೂಚಿಸಬಹುದು. ಮನೆಗೆ ಬರುವ ಕಂಪನಿಯ ಸಿಬ್ಬಂದಿಯನ್ನು ಗುರುತಿಸಲು ಗುಟ್ಟಿನ ಪದವೊಂದನ್ನು ಗೊತ್ತುಮಾಡಿಕೊಳ್ಳಬಹುದು. ಒಬ್ಬರೇ ಇರುವವರಿಗೆ ಇದು ಸಣ್ಣ ನೆಮ್ಮದಿಯಲ್ಲ. ಅಲ್ಲಿಯೇ ಇರುವ ನಂಬಿಕಸ್ಥರನ್ನು ಸೂಚಿಸುವುದು ಅನುಕೂಲ. ಜೊತೆಗೆ ನಿಮ್ಮೊಡನೆ ಇಮೇಲಿನಲ್ಲಿ ಮಾತನಾಡಲು ಚಿಕ್ಕಮ್ಮನವರು ಒಪ್ಪಿಗೆ ಕೊಟ್ಟರೆ ಪತ್ರವ್ಯವಹಾರವನ್ನೆಲ್ಲ ನೀವೇ ನೋಡಿಕೊಳ್ಳಬಹುದು. ಕಂಪನಿ ಸ್ಪಂದಿಸದಿದ್ದರೆ ಅವರು ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಗ್ರಾಹಕ ಸಹಾಯವಾಣಿಗೆ, ಅಂದರೆ 0808 223 1133ಕ್ಕೆ ಕರೆ ಮಾಡಲಿ. ದೂರು ಅಲ್ಲಿಗೂ ತೀರದಿದ್ದರೆ, ಇಂಧನ ಕಂಪನಿ ಮತ್ತು ಗ್ರಾಹಕರ ನಡುವಿನ ವಿವಾದಗಳನ್ನು ಸ್ವತಂತ್ರವಾಗಿ ಬಗೆಹರಿಸುವ ಎನರ್ಜಿ ಓಂಬುಡ್ಸ್‌ಮನ್ ಇದ್ದಾರೆ. ಗ್ರಾಹಕರಿಗೆ ಅದಕ್ಕೆ ಖರ್ಚಿಲ್ಲ.

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ನಮ್ಮ ಮಾವನವರು ಬೇಸಿಗೆಯಿಡೀ ಗ್ಯಾಸ್ ಹೀಟರನ್ನೇ ಹಚ್ಚಿರಲಿಲ್ಲ. ಅಡುಗೆಗೆ ವಿದ್ಯುತ್ ಒಲೆ. ಅಕ್ಟೋಬರ್‌ನಲ್ಲಿ 20 ಪೌಂಡ್ ತುಂಬಿಸಿದರೆ ಬಹುಪಾಲು ತಕ್ಷಣ ಕಡಿತವಾಯಿತು. ಮೀಟರ್ ಕೆಟ್ಟಿದೆಯೇ?

ಉತ್ತರ: ಮೀಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಗ್ಯಾಸ್ ಬಳಸದಿದ್ದರೂ ‘ಸ್ಟ್ಯಾಂಡಿಂಗ್ ಚಾರ್ಜ್’ ಎಂಬ ದಿನದ ನಿಗದಿತ ಶುಲ್ಕ ಪ್ರತಿದಿನ ಸೇರುತ್ತಾ ಹೋಗುತ್ತದೆ, ಮೀಟರಿನಲ್ಲಿ ಹಣವಿಲ್ಲದಿದ್ದರೆ ಅದು ಬಾಕಿಯಾಗಿ ಬೆಳೆಯುತ್ತದೆ. ಹಿಂದೆ ಎಮರ್ಜೆನ್ಸಿ ಕ್ರೆಡಿಟ್ ಬಳಸಿದ್ದರೆ ಅದೂ ಮುರಿದುಹೋಗುತ್ತದೆ. ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದು ಮನೆಗೆ ಮರಳುವವರಿಗೂ ಹೀಗೇ ಆಗುತ್ತದೆ, ಚಳಿಯ ದಿನ ಮನೆಗೆ ಬಂದು ಹಣ ತುಂಬಿಸಿದರೂ ಮನೆ ಬೆಚ್ಚಗಾಗುವುದಿಲ್ಲ. ಬೇಸಿಗೆಯಲ್ಲೂ ವಾರಕ್ಕಿಷ್ಟೆಂದು ಸ್ವಲ್ಪ ಸ್ವಲ್ಪ ತುಂಬಿಸುತ್ತಿರುವುದೇ ಇದಕ್ಕೆ ಉಪಾಯ. ಈಗಾಗಲೇ ಕಡಿತವಾಗಿ ತುಂಬಿಸಲು ಹಣ ಸಾಲದಿದ್ದರೆ, ಬಾಕಿಯನ್ನು ಒಮ್ಮೆಗೇ ಹಿಡಿಯದೆ ವಾರಕ್ಕೆ ಸಣ್ಣ ಮೊತ್ತವಾಗಿ ಹಂಚಲು ಕಂಪನಿಯನ್ನು ಕೇಳಿ. ‘ವಾರ್ಮ್ ಹೋಮ್ ಡಿಸ್ಕೌಂಟ್’ ಎಂಬ 150 ಪೌಂಡಿನ ಚಳಿಗಾಲದ ರಿಯಾಯಿತಿಗೆ ಮಾವನವರು ಅರ್ಹರೇ ಎಂಬುದನ್ನೂ ವಿಚಾರಿಸಿ. ಪ್ರೀಪೇಯ್ಡ್ ಕೀ ಇರುವವರಿಗೆ ಅದು ಅಂಚೆಯಲ್ಲಿ ವೋಚರ್ ರೂಪದಲ್ಲಿ ಬರಬಹುದಾದ್ದರಿಂದ, ಅದರ ಅವಧಿ ಮುಗಿಯುವ ಮೊದಲು ಅಂಗಡಿಗೆ ಒಯ್ದು ತುಂಬಿಸಿಕೊಡುವವರು ಯಾರೆಂದು ಈಗಲೇ ಗೊತ್ತುಮಾಡಿಕೊಳ್ಳಿ.